ಮರಳುವ ದಾರಿಯಿಂದ ಆರಂಭಿಸಿ: ನಾವಿರುವ ನಗರದ ಸಂಜೆಗಳನ್ನು ಸವಿಯುವ ಬಗೆ

ಒಂದೇ ನಗರದಲ್ಲಿ ಹತ್ತಾರು ವರ್ಷ ಬಾಳಿಯೂ ಅಲ್ಲಿನ ರಂಗಮಂದಿರದ ಒಳಗನ್ನು ಕಾಣದವರು, ವಸ್ತುಸಂಗ್ರಹಾಲಯದ ಮುಂದೆಯೇ ನಿತ್ಯ ಬಸ್ಸಿನಲ್ಲಿ ಸಾಗಿದರೂ ಅದರ ಮೆಟ್ಟಿಲು ಹತ್ತದವರು ಬಹಳ ಮಂದಿ. ದೂರದಿಂದ ನೆಂಟರು ಬಂದರೆ ಮಾತ್ರ ಅವರ ನೆಪದಲ್ಲಿ ತಾವೂ ಒಮ್ಮೆ ನೋಡಿ ಬರುತ್ತಾರೆ. ಕಾರಣ ಕೇಳಿದರೆ ಹಣವಿಲ್ಲ, ಬಿಡುವಿಲ್ಲ ಎನ್ನುತ್ತಾರೆ; ತುಸು ಕೆದಕಿದರೆ ಬೇರೆಯೇ ಅಳುಕುಗಳು ಹೊರಬೀಳುತ್ತವೆ. ಕತ್ತಲಾದ ಮೇಲೆ ಮನೆಗೆ ಮರಳುವುದು ಹೇಗೆ, ಮರುದಿನ ಹೊತ್ತಿಗೆ ಸರಿಯಾಗಿ ಏಳುವುದು ಹೇಗೆ, ಅಲ್ಲಿಗೆ ಹೋಗಿ ತಾನು ಮಾಡುವುದಾದರೂ ಏನು? ಈ ಮೂರಕ್ಕೂ ಉತ್ತರ ಸಿದ್ಧವಿದ್ದರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ. ಆದ್ದರಿಂದ ಸಂಜೆಯೊಂದನ್ನು ಅದರ ತುದಿಯಿಂದ ಹಿಂದಕ್ಕೆ ಯೋಜಿಸಬೇಕು: ಎಷ್ಟು ಹೊತ್ತಿಗೆ ಹಾಸಿಗೆಯಲ್ಲಿರಬೇಕು ಎಂಬುದು ಮೊದಲು, ಅದಕ್ಕಾಗಿ ಯಾವಾಗ ಅಲ್ಲಿಂದ ಹೊರಡಬೇಕು ಎಂಬುದು ಆಮೇಲೆ, ಎಲ್ಲಿಗೆ ಹೋಗಬೇಕು ಎಂಬುದು ಕೊನೆಗೆ.

ಮರಳುವ ದಾರಿ

ಹೊರಡುವ ಮುನ್ನ ಕೊನೆಯ ರೈಲು ಅಥವಾ ಬಸ್ಸಿನ ವೇಳೆಯನ್ನು ನೋಡಿಟ್ಟುಕೊಳ್ಳಿ. ಅದಕ್ಕಿಂತ ಹಿಂದಿನದನ್ನೇ ನಿಮ್ಮ ಕೊನೆಯ ಬಂಡಿ ಎಂದು ಭಾವಿಸಿ. ವಾರದ ದಿನಗಳಿಗೂ ರಜಾದಿನಗಳಿಗೂ ವೇಳಾಪಟ್ಟಿ ಬೇರೆಯಾಗಿರುವುದುಂಟು, ಎಷ್ಟೋ ಸಲ ಜನ ಎಡವುವುದು ಇಲ್ಲಿಯೇ. ಬಂಡಿ ತಪ್ಪಿದರೆ ಎರಡನೆಯ ದಾರಿ ಯಾವುದು, ಅದಕ್ಕೆ ಎಷ್ಟು ಖರ್ಚಾಗಬಹುದು ಎಂಬುದನ್ನು ಹಗಲಿನಲ್ಲಿಯೇ ನಿರ್ಧರಿಸಿ ಆ ಮೊತ್ತವನ್ನು ಪ್ರತ್ಯೇಕವಾಗಿ ಎತ್ತಿಡುವುದು ಒಳ್ಳೆಯದು, ಏಕೆಂದರೆ ದಣಿದ ಮನುಷ್ಯ ನಡುರಾತ್ರಿಯಲ್ಲಿ ಮಾಡುವ ಲೆಕ್ಕಾಚಾರ ಸಾಮಾನ್ಯವಾಗಿ ತಪ್ಪಿಯೇ ಇರುತ್ತದೆ. ಮೊಬೈಲಿನ ಚಾರ್ಜು ಪೂರ್ತಿ ಇರಲಿ. ಮನೆಯಲ್ಲೋ ಗೆಳೆಯರಲ್ಲೋ ಒಬ್ಬರಿಗೆ ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ತಿಳಿಸಿರಿ. ಮನೆ ಸೇರಿದ ಮೇಲೆ ಅವರಿಗೆ ಒಂದು ಸಂದೇಶ ಕಳುಹಿಸುವುದನ್ನು ಮಾತ್ರ ಮರೆಯಬೇಡಿ, ಇಲ್ಲವಾದರೆ ಮುಂದಿನ ಸಲ ನಿಮ್ಮ ಸಂದೇಶ ತಡವಾದಾಗ ಯಾರೂ ಗಾಬರಿಯಾಗುವುದಿಲ್ಲ, ಗಾಬರಿಯಾಗಬೇಕಾದ ದಿನವೂ ಆಗುವುದಿಲ್ಲ. ಗುಂಪಿನಲ್ಲಿ ಹೋಗುವವರು ಬೇರ್ಪಟ್ಟರೆ ಎಲ್ಲಿ ಸೇರಬೇಕೆಂಬುದನ್ನು ಒಳಗೆ ಹೋಗುವ ಮುನ್ನವೇ ಮಾತಾಡಿಕೊಂಡಿರಬೇಕು, ಏಕೆಂದರೆ ಸಾವಿರಾರು ಜನ ಸೇರಿದ ಕಡೆ ಮೊಬೈಲ್ ಸಂಪರ್ಕ ಕೈಕೊಡುವುದು ಸಾಮಾನ್ಯ.

ಇನ್ನು ನಿದ್ದೆಯ ಮಾತು. ಕೆಲಸದ ದಿನಗಳಲ್ಲಿ ಒಂದು ಹೊತ್ತಿಗೆ, ರಜಾದಿನಗಳಲ್ಲಿ ಮೂರು ನಾಲ್ಕು ಗಂಟೆ ತಡವಾಗಿ ಮಲಗಿ ಏಳುವವರ ದೇಹಕ್ಕೆ ಪ್ರತಿ ವಾರವೂ ದೂರದ ದೇಶಕ್ಕೆ ವಿಮಾನದಲ್ಲಿ ಹೋಗಿಬಂದಷ್ಟೇ ಗೊಂದಲವಾಗುತ್ತದೆ. ನಿದ್ರಾ ವಿಜ್ಞಾನಿಗಳು 2006ರಲ್ಲಿ ಇದಕ್ಕೆ ‘ಸೋಶಿಯಲ್ ಜೆಟ್‌ಲ್ಯಾಗ್’ ಎಂದು ಹೆಸರಿಟ್ಟರು. ಇದರಿಂದ ಪಾರಾಗಲು ಸಂಜೆಗಳನ್ನೇ ತೊರೆಯಬೇಕಾಗಿಲ್ಲ; ರಾತ್ರಿ ಎಷ್ಟೇ ತಡವಾಗಿ ಮಲಗಿದರೂ ಮರುದಿನ ಏಳುವ ವೇಳೆಯನ್ನು ಒಂದು ಗಂಟೆಗಿಂತ ಹೆಚ್ಚು ಮುಂದೂಡದೆ, ಬೆಳಗಿನ ಬೆಳಕಿಗೆ ಮೈಯೊಡ್ಡಿ, ಕಡಿಮೆಬಿದ್ದ ನಿದ್ದೆಯನ್ನು ಮಧ್ಯಾಹ್ನದ ಇಪ್ಪತ್ತು ನಿಮಿಷದ ಒರಗಾಟದಿಂದಲೂ ಮರುರಾತ್ರಿ ಬೇಗ ಮಲಗುವುದರಿಂದಲೂ ತುಂಬಿಕೊಂಡರೆ ದೇಹದ ಗಡಿಯಾರ ಹೆಚ್ಚು ಏರುಪೇರಾಗುವುದಿಲ್ಲ. ಕಾರ್ಯಕ್ರಮದ ಮಧ್ಯೆ ತೂಕಡಿಕೆ ಬಾರದಿರಲೆಂದು ಸಂಜೆ ಏಳಕ್ಕೆ ಕಾಫಿ ಕುಡಿಯುವವರು ಒಂದು ಲೆಕ್ಕವನ್ನು ನೆನಪಿಡಬೇಕು: ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಹೊರಹೋಗಲು ಸರಿಸುಮಾರು ಐದು ಗಂಟೆ ಬೇಕು, ಅಂದರೆ ಆ ಲೋಟದ ಅರ್ಧ ಕಾಫಿ ನಡುರಾತ್ರಿಯಲ್ಲಿಯೂ ಮೈಯಲ್ಲಿಯೇ ಇರುತ್ತದೆ.

ಒಂದು ಸಂಜೆಗೆ ಒಂದೇ

ಮೊದಮೊದಲು ಉತ್ಸಾಹದಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಒಂದೇ ಸಂಜೆಗೆ ಮೂರು ಕಾರ್ಯಕ್ರಮಗಳನ್ನು ತುರುಕುವುದು. ಚಿತ್ರಪ್ರದರ್ಶನ ಮುಗಿಸಿ ನಾಟಕ, ನಾಟಕ ಮುಗಿಸಿ ಊಟ, ಊಟ ಮುಗಿಸಿ ಕುಣಿತ ಎಂದು ಪಟ್ಟಿ ಮಾಡಿದವರು ಚಿತ್ರದ ಮುಂದೆ ನಿಂತು ಕೈಗಡಿಯಾರ ನೋಡುತ್ತಾರೆ, ನಾಟಕದ ಕೊನೆಯ ಅಂಕದಲ್ಲಿ ಊಟದ ಮೇಜು ಕಾದಿರಿಸಿದ ಹೊತ್ತು ಮೀರಿತೆಂದು ಚಡಪಡಿಸುತ್ತಾರೆ. ಮುಖ್ಯವಾದದ್ದು ಒಂದೇ ಇರಲಿ, ಅದರ ಹಿಂದೆ ಮುಂದೆ ಅರ್ಧ ಗಂಟೆ ಖಾಲಿ ಇರಲಿ. ಶುರುವಾಗುವ ಮೊದಲಿನ ಅರ್ಧ ಗಂಟೆ ತಡವಾಗಿ ಓಡೋಡಿ ಬರುವುದನ್ನು ತಪ್ಪಿಸುತ್ತದೆ. ಮುಗಿದ ಮೇಲಿನ ಅರ್ಧ ಗಂಟೆ ಇನ್ನೂ ಅಮೂಲ್ಯ, ಏಕೆಂದರೆ ಕಂಡದ್ದರ ಬಗ್ಗೆ ಮಾತಾಡಲು ಬೇಕಾದ ಬಿಡುವು ಅದೊಂದೇ. ಒಳ್ಳೆಯ ನಾಟಕವನ್ನು ನೋಡಿ ಹೊರಬಂದು ತಕ್ಷಣ ಮೊಬೈಲಿನಲ್ಲಿ ಟ್ಯಾಕ್ಸಿ ಹುಡುಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಾಟಕದ ಉಳಿದರ್ಧ ಅವರಿಗೆ ತಪ್ಪಿಹೋಯಿತು.

ಏನು ನಡೆಯುತ್ತಿದೆ ಎಂಬುದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ, ಆದರೆ ಟಿಕೆಟ್ ಮಾರುವ ಆ್ಯಪ್‌ಗಳನ್ನಷ್ಟೇ ನಂಬಿದರೆ ದುಬಾರಿಯಾದವೇ ಕಣ್ಣಿಗೆ ಬೀಳುತ್ತವೆ. ಸಾರ್ವಜನಿಕ ಗ್ರಂಥಾಲಯದ ಫಲಕ, ವಿಶ್ವವಿದ್ಯಾಲಯದ ಸಂಗೀತ ಮತ್ತು ನಾಟಕ ವಿಭಾಗಗಳು, ಬೇರೆ ದೇಶಗಳು ನಡೆಸುವ ಸಾಂಸ್ಕೃತಿಕ ಕೇಂದ್ರಗಳು, ಪುಸ್ತಕದಂಗಡಿಗಳು, ತಾರಾಲಯ, ಇವುಗಳಲ್ಲಿ ಉಚಿತವಾಗಿ ಅಥವಾ ಅತಿ ಕಡಿಮೆ ದರದಲ್ಲಿ ನಡೆಯುವ ಕಾರ್ಯಕ್ರಮಗಳು ಎಷ್ಟೋ. ವಿದ್ಯಾರ್ಥಿಗಳ ಪದವಿ ಪ್ರದರ್ಶನಗಳನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ: ಕಲೆ ಇನ್ನೂ ಪೂರ್ತಿ ಪಳಗಿರುವುದಿಲ್ಲ ನಿಜ, ಆದರೆ ಒಂದೇ ಪ್ರದರ್ಶನಕ್ಕಾಗಿ ವರ್ಷಗಟ್ಟಲೆ ತಯಾರಾದವರ ತೀವ್ರತೆ ಅಲ್ಲಿ ಕಾಣುವಂತೆ ನೂರು ಬಾರಿ ಅದೇ ಪಾತ್ರ ಮಾಡಿದವರಲ್ಲಿ ಕಾಣುವುದು ಅಪರೂಪ. ದೊಡ್ಡ ರಂಗಮಂದಿರಗಳಲ್ಲಿಯೂ ಅಧಿಕೃತ ಉದ್ಘಾಟನೆಗೆ ಮುಂಚಿನ ಪ್ರದರ್ಶನಗಳಿಗೆ ದರ ಕಡಿಮೆ ಇರುವುದುಂಟು, ಉಳಿದ ಆಸನಗಳನ್ನು ಅದೇ ದಿನ ರಿಯಾಯಿತಿಗೆ ಕೊಡುವುದೂ ಉಂಟು. ಟಿಕೆಟ್ ಕಿಟಕಿಯಲ್ಲಿ ಸಂಕೋಚವಿಲ್ಲದೆ ಕೇಳಿ.

ಆಸನದ ವಿಚಾರದಲ್ಲಿ ಎಲ್ಲಕ್ಕೂ ಮೊದಲ ಸಾಲೇ ಶ್ರೇಷ್ಠವೆಂಬುದು ತಪ್ಪು. ಸಣ್ಣ ನಾಟಕಕ್ಕೆ ನಟರ ಮುಖ ಕಾಣುವಷ್ಟು ಹತ್ತಿರ ಬೇಕು. ನೃತ್ಯಕ್ಕೆ ಹಾಗಲ್ಲ, ತೀರ ಮುಂದೆ ಕುಳಿತರೆ ಪಾದಗಳೂ ರಂಗದ ಮೇಲೆ ಮೂಡುವ ವಿನ್ಯಾಸವೂ ಕಾಣುವುದಿಲ್ಲ, ಆದ್ದರಿಂದ ಸ್ವಲ್ಪ ಎತ್ತರದ ಆಸನ ಮೇಲು. ಧ್ವನಿವರ್ಧಕವಿಲ್ಲದ ವಾದ್ಯವೃಂದವನ್ನು ಕೇಳಲು ಹೋದವರಿಗೆ ಮೊದಲ ಸಾಲಿನಲ್ಲಿ ಎದುರಿಗಿರುವ ಕೆಲವೇ ವಾದ್ಯಗಳು ಕಿವಿ ತುಂಬುತ್ತವೆ, ನಡುವಿನ ಸಾಲುಗಳಲ್ಲಿಯೂ ಬಾಲ್ಕನಿಯ ಮುಂಭಾಗದಲ್ಲಿಯೂ ಎಲ್ಲ ವಾದ್ಯಗಳು ಬೆರೆತು ಕೇಳಿಸುತ್ತವೆ. ಬಾಲ್ಕನಿಯ ಕೆಳಗೆ ತೀರ ಹಿಂದಿರುವ ಸಾಲುಗಳಲ್ಲಿ ಧ್ವನಿ ಮಂಕಾಗುವುದರಿಂದ ಅವನ್ನು ಬಿಡುವುದು ಜಾಣತನ.

ವಸ್ತುಸಂಗ್ರಹಾಲಯದಲ್ಲಿ ಕಾಲು ನೋಯುವುದೇಕೆ

ಮೂರು ತಾಸು ಬೆಟ್ಟ ಹತ್ತಿದವರಿಗಿಂತ ಎರಡು ತಾಸು ವಸ್ತುಸಂಗ್ರಹಾಲಯ ಸುತ್ತಿದವರೇ ಹೆಚ್ಚು ಬಸವಳಿದಿರುವುದನ್ನು ನೀವು ಗಮನಿಸಿರಬಹುದು. ಇದು ಕಲ್ಪನೆಯಲ್ಲ. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿಯೇ ‘ಮ್ಯೂಸಿಯಂ ಫಟೀಗ್’, ಅಂದರೆ ಸಂಗ್ರಹಾಲಯದ ದಣಿವು ಎಂಬ ಹೆಸರಿನಲ್ಲಿ ಇದರ ಬಗ್ಗೆ ಬರೆದ. ಗಾಜಿನ ಪೆಟ್ಟಿಗೆಯೊಳಗಿನ ವಸ್ತುಗಳನ್ನೂ ಅವುಗಳ ಚೀಟಿಗಳನ್ನೂ ನೋಡಲು ಮನುಷ್ಯ ಎಷ್ಟು ಬಾಗಬೇಕು, ಕತ್ತನ್ನು ಎಷ್ಟು ಹೊರಳಿಸಬೇಕು, ಎಷ್ಟು ಕುಕ್ಕರಿಸಬೇಕು ಎಂಬುದನ್ನು ಅವನು ಛಾಯಾಚಿತ್ರಗಳ ಮೂಲಕ ತೋರಿಸಿದ್ದ. ನಿಂತು, ಎರಡು ಹೆಜ್ಜೆ ನಡೆದು, ಮತ್ತೆ ನಿಲ್ಲುವ ಈ ಬಗೆಯ ಚಲನೆ ಕಾಲಿಗೆ ಸಲೀಸಾದ ನಡಿಗೆಗಿಂತ ಹೆಚ್ಚು ಭಾರ. ಅದರ ಜೊತೆಗೆ ಪ್ರತಿ ಹೆಜ್ಜೆಗೂ ಹೊಸದೊಂದು ವಸ್ತುವಿನತ್ತ ಗಮನ ಹರಿಸಬೇಕಾದ ಮನಸ್ಸೂ ಸೋಲುತ್ತದೆ.

ಇನ್ನೊಂದು ಅಂಕಿ ಇದಕ್ಕಿಂತಲೂ ಕುತೂಹಲಕಾರಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೇರುಕೃತಿಗಳ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆಂದು ಅಳೆದಾಗ ಸರಾಸರಿ 27 ಸೆಕೆಂಡು ಎಂದು ಕಂಡುಬಂತು. ನೋಡುಗರಲ್ಲಿ ಅರ್ಧದಷ್ಟು ಜನ 17 ಸೆಕೆಂಡಿಗಿಂತ ಹೆಚ್ಚು ನಿಂತಿರಲಿಲ್ಲ. ಚಿತ್ರದ ಪಕ್ಕದ ಚೀಟಿಯನ್ನು ಓದಿದ ಸಮಯವೂ ಇದರಲ್ಲಿಯೇ ಸೇರಿತ್ತು.

ಆದ್ದರಿಂದ ಇಡೀ ಕಟ್ಟಡವನ್ನು ಮುಗಿಸುವ ಹಟ ಬಿಡಬೇಕು. ನಾವಿರುವ ನಗರದ ಸಂಗ್ರಹಾಲಯದ ದೊಡ್ಡ ಅನುಕೂಲವೇ ಇದು: ಪ್ರವಾಸಿಗೆ ಎಲ್ಲವನ್ನೂ ಇಂದೇ ನೋಡಬೇಕಾದ ಒತ್ತಡವಿದೆ, ನಮಗಿಲ್ಲ. ಒಳಗೆ ಹೋದೊಡನೆ ಹತ್ತು ನಿಮಿಷ ಎಲ್ಲಿಯೂ ನಿಲ್ಲದೆ ಒಂದು ಸುತ್ತು ಹಾಕಿ, ಕಾಲು ತಾನಾಗಿ ನಿಧಾನಿಸಿದ ಕಡೆಗಳನ್ನು ಗುರುತಿಟ್ಟುಕೊಂಡು, ಅವುಗಳಲ್ಲಿ ಮೂರನ್ನೋ ನಾಲ್ಕನ್ನೋ ಆಯ್ದು ಮರಳಿ ಬನ್ನಿ. ಹತ್ತಿರ ಬೆಂಚಿದ್ದರೆ ಕುಳಿತು, ಒಂದು ಕೃತಿಗೆ ಹತ್ತು ನಿಮಿಷ ಕೊಡಿ. ಮೊದಲ ಎರಡು ನಿಮಿಷ ಬೇಸರವಾಗುತ್ತದೆ, ಆಗಲಿ. ಮೂರನೆಯ ನಿಮಿಷದ ನಂತರ ಹಿನ್ನೆಲೆಯ ಕಿಟಕಿ, ಬೆಳಕು ಬರುವ ದಿಕ್ಕು, ಮೂಲೆಯಲ್ಲಿ ನಿಂತ ಸೇವಕನ ಕೈ, ಕುಂಚ ಎಳೆದ ಗೆರೆಯ ದಪ್ಪ, ಇವೆಲ್ಲ ಒಂದೊಂದಾಗಿ ಮೇಲೆದ್ದು ಬರತೊಡಗುತ್ತವೆ. ಚೀಟಿಯನ್ನು ಕೊನೆಗೆ ಓದಿ. ಮೊದಲೇ ಓದಿದರೆ ಕಣ್ಣು ಚೀಟಿ ಹೇಳಿದ್ದನ್ನಷ್ಟೇ ಹುಡುಕಿ ತೃಪ್ತಿಪಡುತ್ತದೆ, ಕೊನೆಗೆ ಓದಿದರೆ ನೀವು ಕಂಡದ್ದಕ್ಕೂ ತಿಳಿದವರು ಬರೆದದ್ದಕ್ಕೂ ನಡುವೆ ಒಂದು ವಾಗ್ವಾದವೇ ಹುಟ್ಟಬಹುದು. ಚಿತ್ರ ಬರೆಯಲು ಬಾರದವರೂ ಪೆನ್ಸಿಲಿನಿಂದ ಅದರ ಹೊರಗೆರೆಯನ್ನು ಗೀಚಿ ನೋಡಬೇಕು. ಗೀಚಿದ್ದು ಯಾರಿಗೂ ತೋರಿಸುವಂತಿರದಿದ್ದರೂ ಕಣ್ಣು ಎಲ್ಲಿ ಜಾರಿಹೋಗುತ್ತಿತ್ತೆಂಬುದನ್ನು ಕೈ ಹಿಡಿದು ತೋರಿಸುತ್ತದೆ. ಒಂದೂವರೆ ಗಂಟೆ ಸಾಕು. ಇನ್ನೂ ನೋಡಬೇಕೆಂಬ ಆಸೆ ಇರುವಾಗಲೇ ಹೊರಟುಬಿಡಿ.

ಹಗಲಿನಲ್ಲಿ ಬಿಡುವಿಲ್ಲದವರು ಸಂಜೆ ತೆರೆದಿರುವ ದಿನವನ್ನು ವಿಚಾರಿಸಬೇಕು, ಅನೇಕ ಸಂಗ್ರಹಾಲಯಗಳು ವಾರದಲ್ಲಿ ಒಂದು ದಿನ ತಡವಾಗಿ ಮುಚ್ಚುತ್ತವೆ. ಬರ್ಲಿನ್ ನಗರ 1997ರಲ್ಲಿ ‘ಸಂಗ್ರಹಾಲಯಗಳ ದೀರ್ಘ ರಾತ್ರಿ’ ಎಂಬ ಕಾರ್ಯಕ್ರಮವನ್ನು ಆರಂಭಿಸಿ ತನ್ನ ಸಂಗ್ರಹಾಲಯಗಳನ್ನು ಒಂದೇ ಟಿಕೆಟ್ಟಿಗೆ ತಡರಾತ್ರಿಯವರೆಗೆ ತೆರೆದಿಟ್ಟ ಮೇಲೆ ಆ ಮಾದರಿ ಜಗತ್ತಿನ ಎಷ್ಟೋ ನಗರಗಳಿಗೆ ಹಬ್ಬಿತು. ಪ್ಯಾರಿಸ್ 2002ರಿಂದ ಒಂದು ಇಡೀ ರಾತ್ರಿಯನ್ನು ಕಲೆಗಾಗಿ ಮೀಸಲಿಟ್ಟಿದೆ. ನಿಮ್ಮಲ್ಲಿ ಇಂಥದೊಂದು ರಾತ್ರಿ ಇದ್ದರೆ ಹೆಸರಾದ ದೊಡ್ಡ ಸಂಗ್ರಹಾಲಯದ ಸಾಲಿನಲ್ಲಿ ನಿಲ್ಲದೆ, ಬೇರೆ ದಿನ ಹೋಗುವುದೇ ಸಾಧ್ಯವಿಲ್ಲದಂಥ ಚಿಕ್ಕ, ವಿಚಿತ್ರ ಸಂಗ್ರಹಗಳಿಗೆ ಹೋಗುವುದು ಉತ್ತಮ.

ಸದ್ದಿನ ಜಾಗಗಳು

ಕ್ಲಬ್ಬು, ಪಬ್ಬು, ಬ್ಯಾಂಡ್ ಸಂಗೀತದ ರಾತ್ರಿಗಳಿಗೆ ಹೋಗುವವರು ಎಲ್ಲಕ್ಕಿಂತ ಮೊದಲು ಕಿವಿಯ ಬಗ್ಗೆ ಯೋಚಿಸಬೇಕು. ಪರ್ಸು ಕಳೆದರೆ ಬೇರೆ ಕೊಳ್ಳಬಹುದು. ಕೆಲಸದ ಸ್ಥಳಗಳಿಗಾಗಿ ಅಮೆರಿಕದ ಸುರಕ್ಷತಾ ಸಂಸ್ಥೆ ಮಾಡಿರುವ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು, ಆಮೇಲೆ ಪ್ರತಿ ಮೂರು ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ 94 ಡೆಸಿಬೆಲ್ಲಿಗೆ ಒಂದೇ ಗಂಟೆ, 100 ಡೆಸಿಬೆಲ್ಲಿಗೆ ಹದಿನೈದೇ ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಮನರಂಜನಾ ಸ್ಥಳಗಳಿಗೆಂದು 2022ರಲ್ಲಿ ಪ್ರಕಟಿಸಿದ ಮಾನದಂಡ ಸರಾಸರಿ ಸದ್ದು 100 ಡೆಸಿಬೆಲ್ಲನ್ನು ಮೀರಬಾರದೆಂದೂ ಕಿವಿಗೆ ವಿಶ್ರಾಂತಿ ಸಿಗುವ ನಿಶ್ಶಬ್ದ ಜಾಗವೊಂದು ಅಲ್ಲಿರಬೇಕೆಂದೂ ಹೇಳುತ್ತದೆ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇಯರ್‌ಪ್ಲಗ್ ಏಕೆ ಬೇಕೆಂಬುದು ತಿಳಿಯುತ್ತದೆ. ಯೌವನದಲ್ಲಿ ಸ್ಪೀಕರಿನ ಪಕ್ಕದಲ್ಲಿಯೇ ನಿಂತು ಕೇಳುವುದೇ ಶೌರ್ಯವೆಂದುಕೊಂಡಿದ್ದ ನಾನು ಒಮ್ಮೆ ಎರಡು ದಿನ ಕಿವಿಯಲ್ಲಿ ಜೀರುಂಡೆ ಸದ್ದನ್ನು ಹೊತ್ತು ತಿರುಗಿದ ಮೇಲೆ ಬುದ್ಧಿ ಕಲಿತೆ. ಸಂಗೀತಕ್ಕೆಂದೇ ತಯಾರಾದ ಇಯರ್‌ಪ್ಲಗ್‌ಗಳು ಹಾಡನ್ನು ಮಸುಕುಗೊಳಿಸದೆ ಸದ್ದನ್ನಷ್ಟೇ ತಗ್ಗಿಸುತ್ತವೆ. ಸ್ಪೀಕರಿನಿಂದ ದೂರ ನಿಲ್ಲುವುದು, ಗಂಟೆಗೊಮ್ಮೆ ಹೊರಗೆ ಹೋಗಿ ಹತ್ತು ನಿಮಿಷ ಕಿವಿಗೆ ಬಿಡುವು ಕೊಡುವುದು, ಇವಕ್ಕೆ ಖರ್ಚೂ ಇಲ್ಲ.

ಮದ್ಯದ ವಿಷಯದಲ್ಲಿ ವೈದ್ಯಲೋಕದ ಮಾತು ನೇರವಾಗಿದೆ: ಕುಡಿಯದಿರುವುದೇ ಆರೋಗ್ಯಕ್ಕೆ ಲೇಸು. ಕುಡಿಯುವವರು ತಿಳಿದಿರಬೇಕಾದ್ದೆಂದರೆ, ಯಕೃತ್ತು ಒಂದು ಗಂಟೆಗೆ ಸುಮಾರು ಒಂದು ಪ್ರಮಾಣಿತ ಪೇಯದಷ್ಟನ್ನು, ಅಂದರೆ ಸರಿಸುಮಾರು ಒಂದು ಸಣ್ಣ ಪೆಗ್ಗಿನಷ್ಟನ್ನು ಮಾತ್ರ ನಿಭಾಯಿಸಬಲ್ಲದು. ಕಾಫಿ, ತಣ್ಣೀರು, ತಂಗಾಳಿ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅಮಲು ಬೇಗ ಏರುತ್ತದೆ, ದೇಹದ ನೀರನ್ನು ಹಿಡಿದಿಡುವ ಹಾರ್ಮೋನನ್ನು ಮದ್ಯ ತಡೆಯುವುದರಿಂದ ಪದೇ ಪದೇ ಮೂತ್ರವಾಗಿ ಬಾಯಾರಿಕೆ ಹೆಚ್ಚುತ್ತದೆ. ಆದ್ದರಿಂದ ಮೊದಲು ಊಟ, ಲೋಟಕ್ಕೊಂದು ಲೋಟ ನೀರು, ವಾಹನದ ಕೀಲಿ ಮನೆಯಲ್ಲಿ. ಕುಡಿದರೆ ನಿದ್ದೆ ಚೆನ್ನಾಗಿ ಬರುತ್ತದೆಂಬ ನಂಬಿಕೆಯೂ ಅರ್ಧಸತ್ಯ: ನಿದ್ದೆ ಬೇಗ ಹತ್ತುತ್ತದೆ, ಆದರೆ ರಾತ್ರಿಯ ಎರಡನೆಯ ಭಾಗದಲ್ಲಿ ಒಡೆದು ಚೂರಾಗುತ್ತದೆ. ನಿಮ್ಮ ಲೋಟ ನಿಮ್ಮ ಕಣ್ಣೆದುರೇ ಇರಲಿ. ಕುಡಿಯದವರು ವಿವರಣೆ ಕೊಡುತ್ತಾ ನಿಲ್ಲಬೇಕಾಗಿಲ್ಲ. ಕೈಯಲ್ಲಿ ನಿಂಬೆಹೋಳು ಹಾಕಿದ ಸೋಡಾ ಹಿಡಿದರೆ ಯಾರೂ ಕೇಳುವುದೇ ಇಲ್ಲ. ಕುಣಿತದ ಮನೆಯಲ್ಲಿ ಮುಟ್ಟುವ ಮುನ್ನ ಕೇಳಬೇಕು, ಬೇಡವೆಂದರೆ ಅಲ್ಲಿಗೆ ಮಾತು ಮುಗಿಯಿತು.

ಮೈಮನಗಳ ಆರೈಕೆ

ಆರೈಕೆ ಎಂದೊಡನೆ ದುಬಾರಿ ಸ್ಪಾ ನೆನಪಾಗುವುದು ಜಾಹೀರಾತಿನ ಪ್ರಭಾವ. ಮೊದಲು ಎಣಿಸಬೇಕಾದದ್ದು ಉದ್ಯಾನಗಳನ್ನು. ಇಂಗ್ಲೆಂಡಿನ ಸುಮಾರು ಇಪ್ಪತ್ತು ಸಾವಿರ ಜನರ ಮಾಹಿತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ ಕನಿಷ್ಠ 120 ನಿಮಿಷ ಮರಗಿಡಗಳ ನಡುವೆ ಕಳೆದವರು ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆಯೆಂದು ಹೇಳಿದ್ದು ಹೆಚ್ಚು. ಆ ಎರಡು ಗಂಟೆ ಒಂದೇ ಸಲ ಕಳೆದದ್ದೋ ಬಿಡಿಬಿಡಿಯಾಗಿ ಕಳೆದದ್ದೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಆರೋಗ್ಯವಂತರೇ ಉದ್ಯಾನಕ್ಕೆ ಹೆಚ್ಚು ಹೋಗುತ್ತಾರೆಂದೂ ಇದನ್ನು ಓದಬಹುದು, ಆದರೂ ಹೋಗಿ ಕಳೆದುಕೊಳ್ಳುವುದೇನೂ ಇಲ್ಲ.

ಬಿಸಿನೀರಿನ ಸ್ನಾನಕ್ಕೂ ಸರಿಯಾದ ಹೊತ್ತೊಂದಿದೆ. ಈ ಬಗ್ಗೆ ನಡೆದ ಅನೇಕ ಪ್ರಯೋಗಗಳನ್ನು 2019ರಲ್ಲಿ ಒಟ್ಟುಗೂಡಿಸಿ ನೋಡಿದ ಸಂಶೋಧಕರು, ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ 40ರಿಂದ 42.5 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹತ್ತು ನಿಮಿಷ ಸ್ನಾನ ಮಾಡಿದರೂ ನಿದ್ದೆ ಬೇಗ ಹತ್ತುತ್ತದೆಂದು ಕಂಡರು. ಬಿಸಿನೀರು ಅಂಗೈ ಅಂಗಾಲುಗಳಿಗೆ ರಕ್ತವನ್ನು ತಂದು ಅಲ್ಲಿಂದ ಒಳಗಿನ ಶಾಖ ಹೊರಹೋಗುವಂತೆ ಮಾಡುತ್ತದೆ. ದೇಹದ ಒಳಶಾಖ ಇಳಿಯುವುದೇ ನಿದ್ದೆಗೆ ಕರೆ. ಮಲಗುವ ಕ್ಷಣದಲ್ಲಿಯೇ ಸ್ನಾನ ಮಾಡಿದರೆ ಆ ಇಳಿಕೆಗೆ ಸಮಯ ಸಿಗುವುದಿಲ್ಲ.

ಸೌನಾ (ಒಣಶಾಖದ ಕೋಣೆ) ಮತ್ತು ಉಗಿಕೋಣೆಗಳಿಗೆ ಹೋಗುವವರು ಮೊದಲ ಸಲ ಐದಾರು ನಿಮಿಷಕ್ಕೆ ತೃಪ್ತರಾಗಿ ಹೊರಬಂದು ನೀರು ಕುಡಿಯಬೇಕು, ಮದ್ಯ ಕುಡಿದ ರಾತ್ರಿಯಾಗಲಿ ಅದರ ಮರುಬೆಳಗ್ಗೆಯಾಗಲಿ ಅಲ್ಲಿಗೆ ಹೋಗಕೂಡದು, ಏಕೆಂದರೆ ಮದ್ಯ, ಶಾಖ ಎರಡೂ ರಕ್ತದೊತ್ತಡವನ್ನು ಇಳಿಸಿ ತಲೆ ತಿರುಗಿಸುವಂಥವು. ಹೃದ್ರೋಗಿಗಳೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ಹೋಗಬೇಕು. ಮಸಾಜಿಗೂ ಇದೇ ಎಚ್ಚರ: ಜ್ವರವಿದ್ದರೆ ಬೇಡ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಸಂಶಯವಿದ್ದರೆ ಖಂಡಿತ ಬೇಡ. ಮೇಜಿನ ಮೇಲೆ ಮಲಗುವ ಮುನ್ನವೇ ಎಲ್ಲಿ ನೋವಿದೆ, ಎಲ್ಲಿ ಮುಟ್ಟಬಾರದು, ಎಷ್ಟು ಒತ್ತಬೇಕು ಎಂಬುದನ್ನು ಹೇಳಿಬಿಡಿ; ನೋವನ್ನು ಕಚ್ಚಿ ಸಹಿಸುವುದು ಆರೈಕೆಯಲ್ಲ. ಸದ್ದಿನ ರಾತ್ರಿಯನ್ನೂ ಆರೈಕೆಯ ದಿನವನ್ನೂ ಬೆನ್ನಿಗೆ ಬೆನ್ನು ಇಡದೆ ನಡುವೆ ಒಂದು ಸಾಧಾರಣ ದಿನವನ್ನು ಬಿಡುವುದು ನನ್ನ ರೂಢಿ.

ಒಬ್ಬರೇ ಹೋಗುವುದು

ಜೊತೆಗಾರರು ಸಿಗಲಿ ಎಂದು ಕಾದವರು ಋತುವಿಡೀ ಮನೆಯಲ್ಲಿಯೇ ಉಳಿಯುತ್ತಾರೆ. ಕತ್ತಲಾದ ಸಭಾಂಗಣದಲ್ಲಿ ಎಲ್ಲರೂ ಒಂಟಿಯೇ, ಆದ್ದರಿಂದ ಒಂಟಿ ಸಂಚಾರದ ಅಭ್ಯಾಸಕ್ಕೆ ನಾಟಕ, ಸಿನಿಮಾ, ಸಂಗೀತಗಳೇ ಸುಲಭದ ಮೆಟ್ಟಿಲು. ಆಮೇಲೆ ಸಂಗ್ರಹಾಲಯ, ಊಟದ ಮೇಜು ಕೊನೆಗೆ, ಅದೇ ಎಲ್ಲಕ್ಕಿಂತ ಕಷ್ಟ. ವಿರಾಮದ ಹತ್ತು ನಿಮಿಷದಲ್ಲಿ ಮೊಬೈಲನ್ನು ತೆಗೆಯದಿದ್ದರೆ ಪಕ್ಕದವರು ತಾವಾಗಿಯೇ ಮಾತಿಗಿಳಿಯುವುದುಂಟು. ಜೊತೆಯಲ್ಲಿ ಹೋಗುವುದಾದರೆ, ಇಷ್ಟವಾಗದ ಕಾರ್ಯಕ್ರಮದಿಂದ ವಿರಾಮದಲ್ಲಿ ಎದ್ದುಬರುವ ಹಕ್ಕು ಇಬ್ಬರಿಗೂ ಇದೆಯೆಂದು ಮೊದಲೇ ಒಪ್ಪಿಕೊಂಡಿರಿ. ಮುಲಾಜಿಗೆ ಕುಳಿತ ಎರಡನೆಯ ಅರ್ಧ ಮರಳುವ ದಾರಿಯಲ್ಲಿ ಜಗಳವಾಗಿ ಹೊರಬರುತ್ತದೆ.

ತಿಂಗಳಲ್ಲಿ ಒಂದು ನಿಗದಿತ ದಿನವನ್ನು, ಉದಾಹರಣೆಗೆ ಎರಡನೆಯ ಗುರುವಾರವನ್ನು, ಇದಕ್ಕೆಂದು ಕ್ಯಾಲೆಂಡರಿನಲ್ಲಿ ಗುರುತಿಟ್ಟರೆ ಪ್ರತಿ ಸಲವೂ ಹೋಗಬೇಕೇ ಬೇಡವೇ ಎಂದು ತೂಗುವ ಶ್ರಮ ಉಳಿಯುತ್ತದೆ. ಏನು ನೋಡಬೇಕೆಂಬುದಷ್ಟೇ ಪ್ರಶ್ನೆಯಾಗುತ್ತದೆ. ಮನೆಗೆ ಬಂದ ಮೇಲೆ ಟಿಕೆಟ್ಟಿನ ಹಿಂಬದಿಯಲ್ಲಿ ಮೂರು ಸಂಗತಿಗಳನ್ನು ಬರೆದಿಡಿ: ಬಾಗಿಲು ತೆರೆದಾಗ ಗಂಟೆ ಎಷ್ಟಾಗಿತ್ತು, ಕುಳಿತ ಆಸನ ಯಾವುದು ಮತ್ತು ಅಲ್ಲಿಂದ ಹೇಗೆ ಕಂಡಿತು, ಮರುದಿನ ಎದ್ದಾಗ ಮೈ ಹೇಗಿತ್ತು. ಮೂರನೆಯದನ್ನು ಬೆಳಗ್ಗೆ ತುಂಬಬೇಕಾಗಿರುವುದರಿಂದ ಟಿಕೆಟ್ಟನ್ನು ಜೇಬಿನಲ್ಲಿ ಬಿಡದೆ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿಡಿ. ನಾಲ್ಕಾರು ಟಿಕೆಟ್ಟುಗಳು ಕೂಡಿದ ಮೇಲೆ ಯಾವ ಹೊತ್ತಿಗೆ ಹೊರಟರೆ ನಿಮಗೆ ಸರಿ, ಯಾವ ಸಭಾಂಗಣದ ಯಾವ ಸಾಲು ಒಳ್ಳೆಯದು ಎಂಬುದಕ್ಕೆ ಬೇರೆ ಯಾರನ್ನೂ ಕೇಳಬೇಕಾಗುವುದಿಲ್ಲ.